ಕೂತ ಎತ್ತರ

ಅಣ್ಣನ ದೋಣಿಯ ಹುಟ್ಟು ನಾಲ್ಕನೇ ಸಲ ನನ್ನ ಬೆಂಚಿನ ಮೇಲೆ ಬಂದು ಬಿದ್ದಾಗ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆಯಿಂದ ಹನ್ನೊಂದು ಹುಟ್ಟುಗಳನ್ನು ಕೊಯ್ದು, ಅಂಟಿಸಿ, ಉಜ್ಜಿ ನನ್ನ ರಟ್ಟೆ ಬಿದ್ದುಹೋಗಿತ್ತು. ಕಯಾಕ್ ದೋಣಿಗಳ ಸೀಸನ್ ಶುರುವಾಗುವ ಮುಂಚಿನ ವಾರ ಅಂದರೆ ಹೀಗೇ. ವರ್ಷವಿಡೀ ಸುಮ್ಮನಿದ್ದವರಿಗೆಲ್ಲ ತಮ್ಮ ಹುಟ್ಟು ಉದ್ದ ಅಂತ ಜ್ಞಾನೋದಯ ಆಗುವುದು ಆ ವಾರವೇ.

ಕೋಲಿಗೆ ರಬ್ಬರ್ ಬ್ಯಾಂಡಿನಲ್ಲಿ ಒಂದು ಚೀಟಿ ಸುತ್ತಿದ್ದ. 'ಇನ್ನೂ ಉದ್ದ. ಎರಡು ಸೆಂಟಿಮೀಟರ್ ತೆಗಿ.' ಮುಖ ತೋರಿಸಿ ಹೇಳುವ ಧೈರ್ಯ ಇಲ್ಲ ಮಹಾರಾಯನಿಗೆ.

ಎಂಟು ತಿಂಗಳಲ್ಲಿ ಮೂರು ಸಲ, ಸಲಕ್ಕೆ ಎರಡರ ಹಾಗೆ ಆರು ಸೆಂಟಿಮೀಟರ್ ತೆಗೆದುಕೊಟ್ಟಿದ್ದೆ. ಅವನದು ಹಳೇ ಕಾಲದ ಹುಟ್ಟು. ಈಗಿನವುಗಳ ಹಾಗೆ ಮಧ್ಯದ ಕ್ಲಿಪ್ ಬಿಚ್ಚಿ ಬೇಕಾದಷ್ಟು ಎಳೆದುಕೊಳ್ಳುವಂಥದ್ದಲ್ಲ. ತುದಿಗೆ ಹೀಟ್ ಗನ್ ಹಿಡಿದು, ಒಳಗಿನ ಅಂಟು ಕರಗಿಸಿ, ಅಲಗನ್ನು ಎಳೆದು ತೆಗೆದು, ಕೋಲು ಕೊಯ್ದು, ಮತ್ತೆ ಅಲಗನ್ನು ಅದೇ ಓರೆಯಲ್ಲಿ ಕೂರಿಸಬೇಕು. ಚೂರು ತಪ್ಪಿದರೂ ಹುಟ್ಟು ಹಾಕುವವರ ಮಣಿಕಟ್ಟು ನೋಯುತ್ತೆ. ಹೊಸದು ತಗೊಳ್ಳೋ ಅಂದರೆ, "ಇದು ನನ್ನ ಕೈಗೆ ಒಗ್ಗಿದೆ ಪುಟ್ಟೀ" ಅಂತಾನೆ. ನನಗೆ ಐವತ್ತೆರಡು. ಅವನ ಬಾಯಲ್ಲಿ ಇನ್ನೂ ಪುಟ್ಟಿ.

ಅಣ್ಣ ಈ ದೋಣಿಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಯಾಕ್ ಕಲಿಸುತ್ತಾನೆ. ಎಲ್ಲರೂ ಮೇಷ್ಟ್ರು ಅಂತಲೇ ಕರೆಯುವುದು. ಪ್ರತಿ ವರ್ಷ ಸೀಸನ್ನಿಗೆ ಮುಂಚೆ ಕಲಿಸುವವರಿಗೂ ಒಂದು ಪರೀಕ್ಷೆ ಇರುತ್ತೆ. ಸರೋವರದ ನಡುವಿನ ದ್ವೀಪ ಸುತ್ತಿಕೊಂಡು ನಲವತ್ತು ನಿಮಿಷದೊಳಗೆ ದಡ ಸೇರಬೇಕು. ಸೇರದಿದ್ದರೆ ಆ ವರ್ಷ ನೀರಿಗಿಳಿಯುವಂತಿಲ್ಲ, ಕೌಂಟರಿನಲ್ಲಿ ಕೂತು ಲೈಫ್ ಜಾಕೆಟ್ ಹಂಚಬೇಕು. ಶನಿವಾರ ಪರೀಕ್ಷೆ. ಮಂಗಳವಾರ ಅಭ್ಯಾಸಕ್ಕೆ ಅಂತ ಹೋದವನು ನಲವತ್ತಾರು ನಿಮಿಷ ತಗೊಂಡಿದ್ದ. ಬಂದವನೇ ಮ್ಯಾನೇಜರ್ ಹತ್ತಿರ ಹೋಗಿ, ತಂಗಿ ಅಳತೆ ತಪ್ಪಿಸಿದ್ದಾಳೆ ಅಂತ ನನ್ನ ತಲೆ ಮೇಲೆ ಗೂಬೆ ಕೂರಿಸಿದ್ದ.

ಇದು ನನಗೆ ಗೊತ್ತಾಗಿದ್ದು ಮ್ಯಾನೇಜರ್ ಬಾಯಿಂದ. ನಾನು ಚೀಟಿ ಓದಿ ಮುಗಿಸುವಷ್ಟರಲ್ಲಿ ಆಯಮ್ಮ ಬಾಗಿಲಲ್ಲಿ ನಿಂತಿದ್ದರು.

"ನಿಮ್ಮ ಕೆಲಸದಲ್ಲಿ ಇದುವರೆಗೆ ಯಾರೂ ತಪ್ಪು ಹುಡುಕಿರಲಿಲ್ಲ. ಮೇಷ್ಟ್ರದ್ದೇ ಹೀಗಾದರೆ ಹೇಗೆ?"

ನನಗೆ ಮೈಯೆಲ್ಲ ಉರಿದುಹೋಯಿತು. "ಕರೀರಿ ಅವನನ್ನ. ನಿಮ್ಮ ಎದುರಿಗೇ ಅಳೀತೀನಿ. ಯಾರದು ತಪ್ಪು ಅಂತ ಇವತ್ತೇ ಇತ್ಯರ್ಥ ಆಗಲಿ" ಅಂದೆ.

ನಿಂತ ಎತ್ತರ ನೋಡಿ ಹುಟ್ಟಿನ ಉದ್ದ ಹೇಳುವ ಅಂಗಡಿಯವರು ಬೇಕಾದಷ್ಟು ಜನ ಇದ್ದಾರೆ. ನಾನು ಹಾಗಲ್ಲ. ಕಯಾಕಿನಲ್ಲಿ ಕಾಲು ಒಳಗೆ ಚಾಚಿಕೊಂಡಿರುತ್ತೆ, ಹುಟ್ಟು ಹಾಕುವುದು ಸೊಂಟದ ಮೇಲಿನ ಮೈ. ಅದಕ್ಕೇ ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ನೆತ್ತಿಯವರೆಗೆ ಅಳೆದು, ಕಾರ್ಡಿನಲ್ಲಿ ಬರೆದಿಡುತ್ತೇನೆ. ಅಣ್ಣನ ಕಾರ್ಡು ಹನ್ನೊಂದು ವರ್ಷ ಹಳೆಯದು. ತೊಂಬತ್ತೊಂದು ಸೆಂಟಿಮೀಟರ್. ಮಕ್ಕಳನ್ನಾದರೆ ಪ್ರತಿ ವರ್ಷ ಅಳೆಯುತ್ತೇನೆ, ಬೆಳೆಯುತ್ತಿರುತ್ತಾರಲ್ಲ. ಬೆಳೆದು ನಿಂತ ಗಂಡಸನ್ನು ಮತ್ತೆ ಏನು ಅಳೆಯುವುದು ಅಂತ, ಅವನು ಹೇಳಿದಷ್ಟು ಕೊಯ್ದುಕೊಡುತ್ತಾ ಬಂದಿದ್ದೆ.

ಅಣ್ಣ ಬಂದ. ಟೇಪು ನೋಡಿದ ಕೂಡಲೇ ಅವನ ಮುಖ ಸಪ್ಪಗಾಯಿತು.

"ನನ್ನ ಅಳತೆ ನಿನಗೆ ಗೊತ್ತಿಲ್ವಾ?"

"ಗೊತ್ತು. ಮ್ಯಾನೇಜರ್ ಅವರಿಗೂ ಗೊತ್ತಾಗಲಿ. ಕೂತ್ಕೋ."

"ಚಿಕ್ಕಂದಿನಿಂದ ಹೀಗೇ ಇವಳು, ತನ್ನದೇ ನಡೀಬೇಕು" ಅಂತ ಮ್ಯಾನೇಜರ್ ಕಡೆ ನೋಡಿ ಹಲ್ಲು ಕಿರಿದ. ಬೆಂಚಿನ ಅಂಚು ಹಿಡಿದುಕೊಂಡು ಮೆಲ್ಲಗೆ ಕೂತ.

ನೆತ್ತಿಯ ಮೇಲೆ ಮರದ ಪಟ್ಟಿ ಇಟ್ಟು ಟೇಪು ಎಳೆದೆ. ಎಂಬತ್ತಾರೂವರೆ. ಟೇಪು ಎಲ್ಲೋ ಮಡಚಿಕೊಂಡಿದೆ ಅಂದುಕೊಂಡು ಮತ್ತೆ ಎಳೆದೆ. ಎಂಬತ್ತಾರೂವರೆ.

ಹುಟ್ಟು ಉದ್ದ ಆಗಿರಲಿಲ್ಲ, ಅಣ್ಣ ಗಿಡ್ಡ ಆಗಿದ್ದ. ಬೆನ್ನು ನಾಲ್ಕೂವರೆ ಸೆಂಟಿಮೀಟರ್ ಕುಸಿದಿತ್ತು. ನಮ್ಮಮ್ಮ ಕುಗ್ಗಿದ್ದು ಎಂಬತ್ತು ದಾಟಿದ ಮೇಲೆ, ಇವನಿಗೆ ಇನ್ನೂ ಐವತ್ತೆಂಟು. ನಾನು ಗೆದ್ದಿದ್ದೆ. ಥೂ, ಇಂಥ ಗೆಲುವು ಯಾರಿಗೆ ಬೇಕಾಗಿತ್ತು.

"ಎಷ್ಟು ಬಂತು?" ಮ್ಯಾನೇಜರ್ ಕಾರ್ಡು ಹಿಡಿದು ಕೇಳಿದರು.

ಟೇಪು ಸುತ್ತಿಕೊಂಡೆ. "ತೊಂಬತ್ತೊಂದು. ಸರಿಯಾಗೇ ಇದೆ. ಕೊಯ್ಯುವಾಗ ನಾನೇ ಎಡವಟ್ಟು ಮಾಡಿದ್ದೀನಿ, ತಪ್ಪು ನಂದೇ."

ಇಪ್ಪತ್ತು ವರ್ಷದ ಕೆಲಸದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಮ್ಯಾನೇಜರ್, "ಶನಿವಾರದೊಳಗೆ ಸರಿಮಾಡಿಕೊಡಿ. ಹಾಗೇ ಕಣ್ಣನ್ನೂ ಒಂದ್ಸಲ ತೋರಿಸಿಕೊಳ್ಳಿ" ಅಂತ ಹೇಳಿ ಹೋದರು.

ಅಣ್ಣ ಕೂತಲ್ಲೇ ಕೂತಿದ್ದ.

"ನೀನು ತಪ್ಪು ಒಪ್ಪಿಕೊಳ್ಳೋದಾ?" ಅಂದ. "ನಿಜ ಹೇಳು. ಎಷ್ಟು?"

"ಎಂಬತ್ತಾರೂವರೆ."

ಅಣ್ಣ ನಗೋಕೆ ಶುರುಮಾಡಿದ. "ನಿಮ್ಮತ್ತಿಗೆ ಹೇಳ್ತಿದ್ದಳು ಕಣೇ, ಅಂಗಿಗಳೆಲ್ಲ ಒಗೆದು ಒಗೆದು ಉದ್ದ ಆಗ್ತಿವೆ ಅಂತ. ಪಾಪ, ಸೋಪು ಬೇರೆ ಬದಲಾಯಿಸಿದಳು."

ನನಗೂ ನಗು ಬಂತು, ಹಾಳಾದ್ದು. ನಗುತ್ತಲೇ ಕಣ್ಣು ತುಂಬಿಕೊಂಡವು.

"ನೋವು ಎಷ್ಟು ದಿನದಿಂದ?"

"ಹೋದ ವರ್ಷದಿಂದ." ಅಂಗಿ ಎತ್ತಿ ತೋರಿಸಿದ. ಸೊಂಟದಿಂದ ಪಕ್ಕೆಯವರೆಗೆ ಬೆಲ್ಟು ಬಿಗಿದುಕೊಂಡಿದ್ದ. ಅದರ ಅಂಚಿನಲ್ಲಿ ಚರ್ಮ ಕೆಂಪಗೆ ಬರೆ ಎದ್ದಿತ್ತು.

"ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸಿದರೆ ನೀರಿಗಿಳೀಬೇಡ ಅಂತಾರೆ. ಅದಕ್ಕೇ ನಿನ್ನ ಹತ್ತಿರ ಬರ್ತಿದ್ದೆ. ಹುಟ್ಟು ಎರಡು ಸೆಂಟಿಮೀಟರ್ ಕಮ್ಮಿ ಮಾಡಿದರೆ ಎರಡು ತಿಂಗಳು ಹೇಗೋ ನಡೆದುಹೋಗುತ್ತೆ."

ಸಿಟ್ಟು ನೆತ್ತಿಗೇರಿತು. ಅವನ ಮೇಲೆ ಎಷ್ಟೋ, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಬೆನ್ನು ಕುಸಿದಷ್ಟೂ ಕೋಲು ಕೊಯ್ದು ಕೊಯ್ದು, ಇವನ ಕಾಯಿಲೆಯನ್ನು ಮುಚ್ಚಿಡಲಿಕ್ಕೆ ಎಂಟು ತಿಂಗಳಿಂದ ನಾನೇ ಸಹಾಯ ಮಾಡಿದ್ದೆ.

"ಇನ್ನು ಕೊಯ್ಯೋದಿಲ್ಲ" ಅಂದೆ.

"ಶನಿವಾರ ಒಂದು ಕಳೀಲಿ ಪುಟ್ಟಿ. ಸೋಮವಾರ ನೀನು ಹೇಳಿದ ಡಾಕ್ಟರ ಹತ್ತಿರ ಬರ್ತೀನಿ."

"ಬರೋದಿಲ್ಲ ನೀನು. ಪಾಸಾದ ಮೇಲೆ ಯಾರ ಮಾತೂ ಕೇಳೋನಲ್ಲ. ದ್ವೀಪದ ಆಚೆ ಎಂಟು ಮಕ್ಕಳನ್ನ ಕರ್ಕೊಂಡು ಹೋಗಿ, ಅಲ್ಲಿ ಬೆನ್ನು ಹಿಡ್ಕೊಂಡ್ರೆ ಏನೋ ಮಾಡ್ತೀಯಾ?"

"ಕೌಂಟರಲ್ಲಿ ಕೂತು ಜಾಕೆಟ್ ಹಂಚೋದಾ ನಾನು?" ಅಂದ. "ನಾನು ಕಲಿಸಿದವರೇ ಬಂದು, ಮೇಷ್ಟ್ರೇ ಒಂದು ಜಾಕೆಟ್ ಕೊಡಿ ಅಂತಾರೆ. ನನಗೆ ಬೇರೇನೂ ಬರೋದಿಲ್ಲ ಕಣೇ."

ಗೊತ್ತಿತ್ತು. ಅದು ಗೊತ್ತಿದ್ದೇ ಸುಳ್ಳು ಹೇಳಿದ್ದೆ. ಆದರೆ ನನಗೆ ಸುಸ್ತಾಗಿತ್ತು, ಇನ್ನೊಂದು ಸುಳ್ಳನ್ನು ಹೊರುವ ಶಕ್ತಿ ಮೈಯಲ್ಲಿ ಉಳಿದಿರಲಿಲ್ಲ. "ಮ್ಯಾನೇಜರಿಗೆ ನಿಜ ಹೇಳಿ ಬರ್ತೀನಿ" ಅಂತ ಏಪ್ರನ್ ಬಿಚ್ಚಿದೆ.

"ತಾಳು ತಾಳು." ಬೆಂಚಿನ ಮೇಲೆ ಹಿಂದಕ್ಕೆ ಸರಿದು ಗೋಡೆಗೆ ಒರಗಿದ. "ಆಗ ನಾನು ಸರಿಯಾಗಿ ಕೂತಿರಲಿಲ್ಲ. ಇನ್ನೊಂದ್ಸಲ ಅಳಿ. ಎಂಬತ್ತೊಂಬತ್ತು ಬಂದರೆ ಸುಮ್ಮನಿರ್ತೀಯಾ?"

ಬೇಡ ಅನ್ನೋಕೆ ಬಾಯಿ ಬರಲಿಲ್ಲ. "ಹೂಂ" ಅಂದೆ. "ಕೈ ಊರಬಾರದು."

ಹೇಳಿದ ಹಾಗೆ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡ. ಕಣ್ಣು ಮುಚ್ಚಿ, ಉಸಿರು ಎಳೆದು ಬಿಗಿಹಿಡಿದು, ಕತ್ತನ್ನು ಮೇಲಕ್ಕೆ ಚಾಚಿದ. ಕುತ್ತಿಗೆಯ ನರಗಳು ಉಬ್ಬಿದವು. ಹಣೆಯಲ್ಲಿ ಬೆವರು ಒಡೆಯಿತು. ನೋವಿಗೆ ತುಟಿ ಕಚ್ಚಿಕೊಂಡಿದ್ದ. ನಾನು ಪಟ್ಟಿಯನ್ನು ಅವನ ನೆತ್ತಿಯ ಮೇಲೆ ಮೆತ್ತಗೆ ಇಟ್ಟೆ. ದೇವರೇ, ಎಂಬತ್ತೊಂಬತ್ತು ಬರಲಿ ಅಂತ ನಿಜವಾಗಲೂ ಬೇಡಿಕೊಂಡೆ.

"ಬಂತಾ?" ಉಸಿರು ಬಿಡದೆಯೇ ಕೇಳಿದ.

"ಎಂಬತ್ತೇಳು ಅಣ್ಣ."

ಹಿಡಿದಿದ್ದ ಉಸಿರನ್ನು ಬಿಟ್ಟ. ಪಟ್ಟಿಯ ಕೆಳಗೆ ಅವನ ತಲೆ ಇಳಿಯುತ್ತಾ ಹೋಯಿತು. ಎಷ್ಟು ಇಳಿಯಿತು ಅಂತ ನಾನು ನೋಡಲಿಲ್ಲ.

"ಹೋಗಿ ಹೇಳು" ಅಂದ.