ಚಾವಿ ಕೊಟ್ಟ ದುರ್ಬೀನು

ಊರು ಬಿಟ್ಟು ಹೊರಟಿದ್ದ ಸಾಹೇಬನೊಬ್ಬನ ಸಾಮಾನು ಹರಾಜಾದಾಗ ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಚನ್ನಯ್ಯ ದೊಡ್ಡದೊಂದು ಹಿತ್ತಾಳೆಯ ದುರ್ಬೀನು ಕೊಂಡು ತಂದ. ಸಂಜೆ ಓಣಿಯವರನ್ನೆಲ್ಲ ಮಾಳಿಗೆಗೆ ಕರೆದು ಚಂದ್ರನನ್ನು ತೋರಿಸಿದ. ಕಂಡವರೂ ಕಾಣದವರೂ ‘ಛಲೋ ಐತ್ರಿ’ ಎಂದು ಇಳಿದುಹೋದರು. ಅವನ ತಾಯಿ ಶಿವಲಿಂಗವ್ವ ಮಾತ್ರ ಹಾಗೆನ್ನಲಿಲ್ಲ.

“ನನಗೇನೂ ಕಾಣವಲ್ದೋ ತಮ್ಮಾ. ಬರೇ ಕತ್ತಲಿ ಐತಿ.”

ಕುತ್ತಿಗೆ ಹಿಡಿದುಕೊಂಡಿದ್ದ ಮುದುಕಿ ಮೆಲ್ಲಗೆ ಬಗ್ಗಿ ಕಣ್ಣು ಕೂಡಿಸುವಷ್ಟರಲ್ಲಿ ಚಂದ್ರ ಗಾಜಿನಿಂದ ಜಾರಿರುತ್ತಿದ್ದ. ಚನ್ನಯ್ಯ ಮತ್ತೆ ಹಿಡಿದು ಕೊಟ್ಟರೆ ಮತ್ತೆ ಜಾರುತ್ತಿದ್ದ. ಚಂದ್ರನ ಹಿಂದೆ ತಾನಾಗಿಯೇ ತಿರುಗುವ ಯಂತ್ರವೊಂದನ್ನು ಮಾಡಿ ದುರ್ಬೀನನ್ನು ಅದರ ಮೇಲೆ ಕೂರಿಸಬೇಕೆಂಬ ಹಟ ಅವನಿಗೆ ಹುಟ್ಟಿದ್ದು ಆಗಲೇ.

ಗ್ರಾಮೋಫೋನು ರಿಪೇರಿ ಮಾಡುವ ರಸೂಲಸಾಬ ಅವನ ಗೆಳೆಯ. ಹಳೆಯ ಪೆಟ್ಟಿಗೆಯೊಂದರಿಂದ ಸ್ಪ್ರಿಂಗಿನ ಯಂತ್ರವನ್ನು ಬಿಚ್ಚಿ ಕೊಟ್ಟ.

“ಇದು ಹಾಡಿನ ತಟ್ಟಿ ತಿರುಗಸಾಕ ಮಾಡಿದ್ದರಿ. ಇಷ್ಟು ಭಾರ ಎಳೀತೈತೋ ಇಲ್ಲೋ, ನಾ ಹೇಳಾಂಗಿಲ್ಲ,” ಎಂದ.

ಚನ್ನಯ್ಯ ಸಾಗವಾನಿಯ ಸ್ಟ್ಯಾಂಡು ಮಾಡಿಸಿ, ಅದರ ಅಚ್ಚನ್ನು ಧ್ರುವ ನಕ್ಷತ್ರದ ಕಡೆಗೆ ವಾರೆ ಮಾಡಿ ನಿಲ್ಲಿಸಿದ. ಯಂತ್ರದ ವೇಗ ತಗ್ಗಿಸಲು ಹಲ್ಲಿನ ಗಾಲಿಗಳನ್ನು ಕೂಡಿಸಿ ನಡುವೆ ದಾರ ಸುತ್ತಿದ. ಮೊದಲ ದಿನ ದಾರ ಜಾರಿತು. ರಾಳ ಹಚ್ಚಿದ ಮೇಲೆ ದಾರ ಹಿಡಿಯಿತು, ದುರ್ಬೀನು ಮಿಸುಕಲಿಲ್ಲ. ಅಂಗಡಿಯ ತೂಕದ ಕಲ್ಲುಗಳನ್ನು ತಂದು ದುರ್ಬೀನಿನ ಭಾರಕ್ಕೆ ಸಮನಾಗುವಂತೆ ಇನ್ನೊಂದು ತುದಿಗೆ ಕಟ್ಟಿದ. ಆಗ ತಿರುಗಿತು, ಆದರೆ ಚಂದ್ರ ಮೊದಲಿಗಿಂತ ಜೋರಾಗಿ ಓಡಿದ.

ನೋಡಲು ಬಂದಿದ್ದ ರಸೂಲಸಾಬ ಆಕಾಶವನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿದ.

“ಚನ್ನಯ್ಯಾರ, ಚಂದ್ರ ಪಡುವಲಕ್ಕ ಹೊಂಟಾನ. ನಮ್ಮದು ಮೂಡಲಕ್ಕ ಹೊಂಟೈತಿ.”

ಚನ್ನಯ್ಯ ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾವನ್ನು ನೆಲಕ್ಕೆ ಬಡಿದ. ಅದು ಹೆಂಡತಿ ರೇಣವ್ವ ಒಣಹಾಕಿದ್ದ ಮೆಣಸಿನಕಾಯಿಯೊಳಗೆ ಹೋಗಿ ಬಿತ್ತು. ಹುಡುಕಲು ಹೋಗಿ, ಅದೇ ಕೈಯಿಂದ ಕಣ್ಣುಜ್ಜಿಕೊಂಡು, ರಾತ್ರಿಯಿಡೀ ಉರಿ ಅನುಭವಿಸಿದ.

ಮರುದಿನ ದಾರವನ್ನು ಅಡ್ಡ ಹಾಯಿಸಿ ಸುತ್ತಿದಾಗ ದಿಕ್ಕೇನೋ ಸರಿಯಾಯಿತು. ಅಷ್ಟರಲ್ಲಿ ಮೋಡ ಕವಿಯಿತು. ಮಳೆಗಾಲದುದ್ದಕ್ಕೂ ಯಂತ್ರ ಅಟ್ಟದಲ್ಲಿ ಬಿದ್ದಿತ್ತು. ಅದರ ಸುದ್ದಿ ತೆಗೆದವರ ಮೇಲೆಲ್ಲ ಅವನು ಸಿಡುಕಿದ.

ನವರಾತ್ರಿಯ ಹೊತ್ತಿಗೆ ಆಕಾಶ ತೊಳೆದಂತಾಯಿತು. ದೀಪ ಹಚ್ಚುವ ವೇಳೆಗೆ ಅರ್ಧಚಂದ್ರ ನೆತ್ತಿಯಿಂದ ತುಸು ವಾಲಿದ್ದ. ಚನ್ನಯ್ಯ ಚಾವಿ ಕೊಟ್ಟು, ಚಂದ್ರನನ್ನು ಹಿಡಿದು, ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿದ. ಯಂತ್ರ ಗುಂಯ್‌ಗುಟ್ಟಿತು. ಶಿವಲಿಂಗವ್ವ ಬಗ್ಗಿದಳು, ಕಣ್ಣು ಕೂಡಿಸಿದಳು.

“ಕಂಡ್ತೇನ ಯವ್ವಾ?”

“ಕಾಣಾಕತ್ತೈತಿ. ತಗ್ಗು ತಗ್ಗು ಅದಾವಲ್ಲೋ. ಆದರ ನಡಗಾಕತ್ತಾನ, ಥಂಡಿ ಹತ್ತಿದವರಂಗ.”

ನಡುಗುತ್ತಿದ್ದುದು ಯಂತ್ರ. ಚನ್ನಯ್ಯ ಹಲ್ಲು ಕಚ್ಚಿ ಸ್ಟ್ಯಾಂಡನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಅಷ್ಟರಲ್ಲಿ ಸ್ಪ್ರಿಂಗಿಗೆ ಕೊಟ್ಟ ಚಾವಿ ಮುಗಿದು ಎಲ್ಲ ನಿಂತಿತು. ಮತ್ತೆ ಚಾವಿ ಕೊಡಲು ಹೋದರೆ ದುರ್ಬೀನೇ ಅಲುಗಿ ಚಂದ್ರ ತಪ್ಪಿದ.

“ಸಾಕೇಳು ಯವ್ವಾ. ಇದನ್ನ ನಾಳೆ ಗುಜರಿಗೆ ಹಾಕ್ತೇನಿ.”

“ಯಾಕ? ನಂದಿನ್ನೂ ನೋಡೂದು ಮುಗದಿಲ್ಲ. ಚಾವಿ ಕೊಡು.”

ಅವನು ಚಾವಿ ಕೊಟ್ಟ, ಹುಡುಕಿ ಹಿಡಿದ, ಆಕೆ ನೋಡಿದಳು, ಯಂತ್ರ ನಿಂತಿತು. ಮತ್ತೆ ಚಾವಿ ಕೊಟ್ಟ. ಎದುರಿನ ಗೋದಾಮಿನ ಹಂಚಿನ ಹಿಂದೆ ಚಂದ್ರ ಇಳಿಯುವವರೆಗೆ ಆಕೆ ಸ್ಟೂಲು ಬಿಡಲಿಲ್ಲ. ಚನ್ನಯ್ಯನಿಗೆ ಒಮ್ಮೆಯೂ ನೆಮ್ಮದಿಯಾಗಿ ಇಣುಕಲು ಸಿಗಲಿಲ್ಲ.

ಸರಿರಾತ್ರಿ ಊಟಕ್ಕೆ ಕೂತಾಗ ಶಿವಲಿಂಗವ್ವ ಚಂದ್ರನ ತಗ್ಗುಗಳನ್ನು ಸೊಸೆಗೆ ಕೈಮಾಡಿ ವರ್ಣಿಸಿದಳು. ನೋಯುವ ರಟ್ಟೆಯಿಂದ ರೊಟ್ಟಿ ಮುರಿಯುತ್ತ ಚನ್ನಯ್ಯ ಕೇಳಿಸಿಕೊಂಡ. ನಡುವೆ ಒಮ್ಮೆ ತಲೆಯೆತ್ತಿ, “ಅದು ನಡಗೂದನ್ನ ನಿಲ್ಲಸಾಕ ನಾಳೆ ರಸೂಲಸಾಬರ ಕಡೆ ಹೋಗಿ ಬರ್ತೇನಿ,” ಎಂದ. ರೇಣವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.