ಹಿರಿಸೊಸೆಯ ಜಡೆ

ಪಾರ್ಲರ್ ಅಕ್ಕನ ಅಂಗಡಿಯಲ್ಲಿ ಇದ್ದದ್ದು ಎರಡೇ ಕುರ್ಚಿ. ಆ ಶನಿವಾರ ಮಧ್ಯಾಹ್ನ ಒಂದರಲ್ಲಿ ನಿವೃತ್ತ ಟೀಚರಮ್ಮ ತಲೆತುಂಬ ಬಣ್ಣ ಮೆತ್ತಿಸಿಕೊಂಡು ಕೂತಿದ್ದರು. ವಾರದಿಂದ ಇಬ್ಬರ ಬಾಯಲ್ಲೂ ಒಂದೇ ಮಾತು: ಆರು ವರ್ಷ ನೋಡಿದ ಧಾರಾವಾಹಿ ಹೀಗೆ ಇದ್ದಕ್ಕಿದ್ದಂತೆ ಮುಗಿದು ಕೈಕೊಡಬಹುದೇ?

“ಒಂದೂವರೆ ವರ್ಷ ಕೋಮಾದಲ್ಲಿದ್ದ ಗಂಡ ಹತ್ತೇ ನಿಮಿಷಕ್ಕೆ ಎದ್ದು ಕೂತ. ಕಳೆದುಹೋದ ಮಗು ಏನಾಯ್ತು? ಕೇಳೋರೇ ಇಲ್ಲ,” ಎಂದರು ಟೀಚರಮ್ಮ.

“ಎಲ್ಲಾ ಆ ಹಿರಿಸೊಸೆ ಪಾತ್ರದವಳ ಕೊಬ್ಬು. ಜಗಳ ಆಡ್ಕೊಂಡು ಅರ್ಧಕ್ಕೇ ಬಿಟ್ಟು ಹೋದಳಂತೆ.”

ಯಾರು ಹೇಳಿದರೆಂದು ಅಕ್ಕ ವಿಚಾರಿಸಿರಲಿಲ್ಲ. ಫೋನಿಗೆ ಬಂದಿತ್ತು, ನಂಬಿದ್ದಳು. ಗಂಡ ತೀರಿಕೊಂಡ ಮೇಲೆ ಸಂಜೆಯ ಆ ಅರ್ಧ ಗಂಟೆ ಅವಳ ಮನೆಯಲ್ಲಿ ನಾಲ್ಕು ಜನರ ದನಿ ಕೇಳಿಸುತ್ತಿತ್ತು. ಈಗ ಆ ಹೊತ್ತಿಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ.

ಮಾಸ್ಕ್ ಹಾಕಿದ್ದ ಹೆಂಗಸೊಬ್ಬಳು ಬಾಗಿಲು ತಳ್ಳಿಕೊಂಡು ಬಂದು ಖಾಲಿ ಕುರ್ಚಿಯಲ್ಲಿ ಕೂತಳು. ಮಾಸ್ಕ್ ತೆಗೆದು, ಸೊಂಟ ದಾಟಿದ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು.

“ಇದನ್ನ ಕತ್ತರಿಸಿ. ಕಿವಿಯಿಂದ ಎರಡು ಬೆರಳು ಕೆಳಗೆ ಸಾಕು.”

ಕನ್ನಡಿಯಲ್ಲಿದ್ದವಳು ಹಿರಿಸೊಸೆ!

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. “ನನ್ನ ಕೈಯಲ್ಲಿ ಆಗಲ್ಲ. ಮನೆ ಬಿಟ್ಟು ಹೋಗಿದ್ದು ಸಾಲದಾ? ಈ ಜಡೆ ನೋಡ್ಕೊಂಡು ಆರು ವರ್ಷ ಕಳೆದಿದ್ದೀವಿ ನಾವು.”

“ನಾನು ಯಾವ ಮನೆ ಬಿಟ್ಟೆ? ಅದು ಶೂಟಿಂಗಿಗೆ ಕಟ್ಟಿದ ಹಲಗೆ ಮನೆ ಕಣ್ರೀ, ತಟ್ಟಿದ್ರೆ ಡಬಡಬ ಅನ್ನತ್ತೆ. ಹೋದ ತಿಂಗಳು ಒಂದು ಬುಧವಾರ ಊಟಕ್ಕೆ ಕೂತಾಗ ಹೇಳಿದ್ರು, ಶುಕ್ರವಾರಕ್ಕೆಲ್ಲ ಕಥೆ ಮುಗಿಸಿ ಅಂತ. ಚಾನೆಲ್ಲಿಗೆ ಆ ಹೊತ್ತಲ್ಲಿ ಹಾಡಿನ ಸ್ಪರ್ಧೆ ಬೇಕಂತೆ. ಕೊನೇ ದೃಶ್ಯದಲ್ಲಿ ನಾನು ಅತ್ತಿದ್ದು ನಟನೆ ಅಲ್ಲ. ಪಕ್ಕದಲ್ಲೇ ಬಡಗಿಗಳು ಗೋಡೆ ಬಿಚ್ತಾ ಇದ್ರು.”

“ಮಗು ಏನಾಯ್ತು ಅಂತಾದ್ರೂ ಹೇಳಬೇಕಿತ್ತಲ್ಲಮ್ಮ,” ಟೀಚರಮ್ಮ ಬಿಡಲಿಲ್ಲ. “ನೋಡೋರ ಸಂಕಟ ನಿಮಗೇನು ಗೊತ್ತು?”

“ಅದನ್ನ ನನಗೂ ಯಾರೂ ಹೇಳಿಲ್ಲಮ್ಮ. ಬೇಜಾರಾದ್ರೆ ಚಾನೆಲ್ಲಿಗೆ ಬರೀರಿ, ನಾನೂ ಸಹಿ ಹಾಕ್ತೀನಿ. ನನಗೆ ಬೈದ್ರೂ ತಡ್ಕೋತೀನಿ. ಆದ್ರೆ ಫೋನಲ್ಲಿ ನನ್ನ ಫೋಟೋ ಕೆಳಗೆ ಯಾರೋ ಬರೆದಿದ್ದಾರೆ, ‘ನಿನ್ನ ಮನೇನೂ ಹೀಗೇ ಅರ್ಧಕ್ಕೆ ಮುರಿದು ಬೀಳಲಿ’ ಅಂತ. ನನ್ನ ಮಗಳು ಓದಿಬಿಟ್ಟಳು. ಎಂಟು ವರ್ಷದ ಹುಡುಗಿ. ನಾಲ್ಕು ದಿನದಿಂದ ಶಾಲೆಗೆ ಹೋಗಿಲ್ಲ. ಅವಳಪ್ಪ ಕೆಲಸಕ್ಕೆ ಹೊರಟ್ರೆ ಬಾಗಿಲಿಗೆ ಅಡ್ಡ ನಿಲ್ತಾಳೆ.”

ಆ ಸಾಲು ಅಕ್ಕನದ್ದೇ. ಬರೆದು ಕಳಿಸಿ, ಹೊಟ್ಟೆತುಂಬ ಊಟ ಮಾಡಿ ನಿದ್ದೆ ಹೋಗಿದ್ದಳು. ಸುಮ್ಮನಿದ್ದರೆ ಈಗಲೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಅದು ಬರೆದದ್ದು ನಾನು,” ಎಂದಳು. “ತಪ್ಪಾಯ್ತು. ಈಗಲೇ ಅಳಿಸ್ತೀನಿ.”

ಹಿರಿಸೊಸೆ ಕನ್ನಡಿಯಲ್ಲೇ ಅವಳನ್ನು ದಿಟ್ಟಿಸಿದಳು. “ಅಳಿಸಬೇಡಿ. ಅಳಿಸಿದ್ರೆ ಬರೆದೋರೇ ಇಲ್ಲ ಅಂತಾಗತ್ತೆ. ಹೇಳೋದಿದ್ರೆ ಅದರ ಕೆಳಗೇ ಹೇಳಿ. ಕ್ಷಮಿಸಿದೆ ಅಂತ ನನ್ನ ಬಾಯಲ್ಲಿ ಇವತ್ತು ಬರಲ್ಲ. ಆರು ವರ್ಷ ಈ ಜಡೆ ಒಂದಿಂಚೂ ಕತ್ತರಿಸಬಾರದು ಅಂತ ಕರಾರಿತ್ತು. ದಿನಾ ಕತ್ತು ನೋವು. ಸೋಮವಾರ ಹೊಸ ಪಾತ್ರಕ್ಕೆ ಕರೆದಿದ್ದಾರೆ, ಬಸ್ ಡ್ರೈವರ್. ನೀವು ಕತ್ತರಿಸ್ತೀರೋ, ಕತ್ತರಿ ನನ್ನ ಕೈಗೆ ಕೊಡ್ತೀರೋ?”

“ಕತ್ತರಿಸಿದ್ರೆ ನೋಡು, ಇನ್ನು ಈ ಅಂಗಡಿಗೆ ನಾನು ಕಾಲಿಡಲ್ಲ,” ಎಂದರು ಟೀಚರಮ್ಮ.

ಅಕ್ಕ ಕತ್ತರಿ ಎತ್ತಿಕೊಂಡಳು. “ನಿಮ್ಮಿಷ್ಟ ಟೀಚರಮ್ಮ. ಆದ್ರೆ ಬಣ್ಣ ಹಿಡಿಯೋಕೆ ಇನ್ನೂ ಇಪ್ಪತ್ತು ನಿಮಿಷ ಬೇಕು. ಅಲ್ಲೀವರೆಗೆ ನೋಡ್ತಾ ಕೂತಿರಿ.”

ದಪ್ಪ ಜಡೆ. ಒಂದೇ ಏಟಿಗೆ ತುಂಡಾಗಲಿಲ್ಲ. ಕರಕರ ಎಂದು ನಾಲ್ಕೈದು ಸಲ ಕತ್ತರಿ ಆಡಿಸಬೇಕಾಯಿತು. ಹಿರಿಸೊಸೆ ಕತ್ತನ್ನು ಆಚೀಚೆ ಹೊರಳಿಸಿ ನೋಡಿಕೊಂಡಳು. ಅಕ್ಕ ಅಂಚು ಸರಿಮಾಡತೊಡಗಿದಳು.

“ಹಿಂದೆ ಇನ್ನೊಂಚೂರು ತೆಗಿಯೇ,” ಕೊನೆಗೆ ಟೀಚರಮ್ಮನೇ ಗೊಣಗಿದರು. “ಇಂಜಿನ್ ಪಕ್ಕ ಕೂರೋಳಿಗೆ ಸೆಕೆ ಆಗಲ್ವಾ?”

ಹೊರಡುವಾಗ ಹಿರಿಸೊಸೆ ಮಾಸ್ಕನ್ನು ಚೀಲಕ್ಕೆ ಹಾಕಿಕೊಂಡಳು. ಬರಿಮುಖದಲ್ಲೇ ಬೀದಿಗಿಳಿದು, ತಲೆಯೆತ್ತಿ ನಡೆದುಹೋದಳು.

ಅಕ್ಕ ಫೋನು ತೆಗೆದು ತನ್ನ ಆ ಸಾಲಿನ ಕೆಳಗೇ ಬರೆದಳು: ‘ಇದನ್ನು ಬರೆದವಳು ನಾನು. ಬರೆದದ್ದು ತಪ್ಪು. ಧಾರಾವಾಹಿ ನಿಲ್ಲಿಸಿದ್ದು ಚಾನೆಲ್ಲು, ನಟಿಸಿದವರಲ್ಲ. ಬೈಯುವವರು ನನ್ನ ಅಂಗಡಿಗೇ ಬಂದು ಬೈಯಿರಿ.’ ಕೆಳಗೆ ಅಂಗಡಿಯ ಹೆಸರು, ಬೀದಿ, ತೆರೆಯುವ ಸಮಯ ಎಲ್ಲವನ್ನೂ ಹಾಕಿದಳು.

ಐದು ನಿಮಿಷವೂ ಆಗಿರಲಿಲ್ಲ, ಫೋನು ಟಿಣ್ ಟಿಣ್ ಎನ್ನತೊಡಗಿತು. ಮೊದಲ ಬೈಗುಳ ಓದಿದಳು, ಎರಡನೆಯದನ್ನೂ ಓದಿದಳು. ಮೂರನೆಯದಕ್ಕೆ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ, ಬಾಗಿಲಲ್ಲಿ ನಿಂತಿದ್ದ ಗಿರಾಕಿಯನ್ನು ಗಟ್ಟಿಯಾಗಿ ಕರೆದಳು:

“ಬನ್ನಿ, ಕೂತ್ಕೊಳ್ಳಿ. ಎಷ್ಟು ಕತ್ತರಿಸಲಿ?”