ಅಂಗುಲಪ್ಪನ ಸಹಿ

ಹಲ್ಲುನೋವಿಗೆ ಯಾರಾದರೂ ಸಾಯುತ್ತಾರೆಯೇ ಎಂದು ನಕ್ಕವನು ಅವನೇ. ಬಡಗಿ ಅವನು, ಬಾಗಿಲು, ಕಿಟಕಿ, ಕಪಾಟು ಕೂರಿಸುವುದರಲ್ಲಿ ಪಳಗಿದ ಕೈ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಚೌಕಟ್ಟಿಗೆ ಟೇಪು ಹಿಡಿದು "ಅರ್ಧ ಅಂಗುಲ ವಾಲಿದೆ" ಅನ್ನುತ್ತಿದ್ದನಾದ್ದರಿಂದ ಗೆಳೆಯರೆಲ್ಲ ಅವನನ್ನು ಅಂಗುಲಪ್ಪ ಎಂದೇ ಕರೆಯುತ್ತಿದ್ದರು. ದವಡೆ ಊದಿಕೊಂಡಾಗ ಒಂದು ಲವಂಗ ಕಚ್ಚಿಕೊಂಡು ಕೆಲಸಕ್ಕೆ ಹೋದ. ಊತ ಇಳಿಯಿತು, ಜ್ವರ ಇಳಿಯಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಹತ್ತು ಮೆಟ್ಟಿಲಿಗೆ ಎರಡು ಸಲ ನಿಲ್ಲುವಂತಾಯಿತು. ಹೆಂಡತಿ ಅಂಗಿಯ ತೋಳು ಹಿಡಿದು ಎಳೆದುಕೊಂಡೇ ಆಸ್ಪತ್ರೆಗೆ ಹೋದಳು.

ಹಲ್ಲಿನ ಬೇರಿನಿಂದ ಹೊರಟ ಸೋಂಕು ರಕ್ತದಲ್ಲಿ ಹರಿದು ಹೃದಯದ ಕವಾಟದ ಮೇಲೆ ಗೂಡು ಕಟ್ಟಿದೆ ಎಂದರು ಅಲ್ಲಿ. ಆರು ವಾರ ರಕ್ತನಾಳಕ್ಕೆ ಔಷಧಿ ಹರಿಸಬೇಕು, ಅಷ್ಟೂ ದಿನ ಇಲ್ಲೇ ಇರಬೇಕು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಲ್ಲ ರೀ," ಎಂದಳು ಅವಳು.

"ಕೊಡಲಿ ಕೆಲಸ ಬೇರೆ, ನನ್ನದು ಉಳಿ ಕೆಲಸ," ಎಂದ ಅವನು. ಮೊದಲ ವಾರದ ಮಾತು ಅದು. ಆಗಿನ್ನೂ ಹಾಸ್ಯಕ್ಕೆ ಉಸಿರಿತ್ತು.

ಅವಳು ಬಸ್ ಚಾಲಕಿ. ಬೆಳಗಿನ ಪಾಳಿ ಮುಗಿಸಿ ಎರಡು ಗಂಟೆಗೆ ಬಸ್ಸು ಒಪ್ಪಿಸಿದರೆ ಖಾಕಿ ಅಂಗಿಯಲ್ಲೇ ನಾಲ್ಕನೇ ಮಹಡಿಗೆ ಬರುತ್ತಿದ್ದಳು. ಅವನಿಗೆ ಮುಖ ತೊಳೆಸುವುದು, ಬೆನ್ನು ಒರೆಸುವುದು, ಎರಡು ತುತ್ತು ತಿನ್ನಿಸಲು ಇಪ್ಪತ್ತು ಸಲ ಬೇಡುವುದು. ಸೂಜಿ ಚುಚ್ಚಿ ಚುಚ್ಚಿ ಎರಡು ಕೈಯ ನರಗಳೂ ಹುರಿಹಗ್ಗದಂತೆ ಗಟ್ಟಿಯಾಗಿ, ನರ್ಸು ಪಾದದಲ್ಲಿ ಜಾಗ ಹುಡುಕುವಂತಾಯಿತು. ಬಾಗಿಲನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತುತ್ತಿದ್ದ ಗಂಡಸು, ಮಗ್ಗುಲು ಬದಲಿಸಲು ಅವಳ ಕುತ್ತಿಗೆಗೆ ಜೋತು ಬೀಳುತ್ತಿದ್ದ. ಜ್ವರ ಒಂದು ದಿನ ಇಳಿದರೆ ಎರಡು ದಿನ ಏರುತ್ತಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನಲವತ್ತೊಂದನೆಯ ದಿನ ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಬಂದು ಸ್ಟೂಲು ಎಳೆದುಕೊಂಡು ಕೂತರು. ಡಾಕ್ಟರು ಕೂತರೆ ಸುದ್ದಿ ಒಳ್ಳೆಯದಲ್ಲ ಎಂದು ಅಷ್ಟು ದಿನದಲ್ಲಿ ಅವಳು ಕಲಿತಿದ್ದಳು.

"ಔಷಧಿ ಸೋತಿದೆ. ಕವಾಟದ ಪಕ್ಕದಲ್ಲೇ ಕೀವು ಕಟ್ಟಿದೆ. ಎದೆ ತೆರೆದು ಅದನ್ನೆಲ್ಲ ಕೆರೆದು, ಹೊಸ ಕವಾಟ ಕೂರಿಸ್ಬೇಕು. ಈ ಸ್ಥಿತೀಲಿ ಹತ್ತು ಜನರಲ್ಲಿ ಆರು ಜನ ಉಳೀತಾರೆ."

"ಮಾಡದೇ ಇದ್ರೆ?"

"ಎರಡು ವಾರ. ಹೆಚ್ಚಂದ್ರೆ ಮೂರು."

ಅವಳು ಗಂಡನ ಕಡೆ ನೋಡಿದಳು. ಅವನು ಪಕ್ಕದ ಹಾಸಿಗೆ ನೋಡುತ್ತಿದ್ದ. ಅಲ್ಲಿದ್ದ ಮುದುಕರನ್ನು ಹಿಂದಿನ ವಾರ ಇಂಥದ್ದೇ ಆಪರೇಷನ್‌ಗೆ ಕರೆದೊಯ್ದಿದ್ದರು. ಮಧ್ಯಾಹ್ನದೊಳಗೆ ಆ ಹಾಸಿಗೆಗೆ ಹೊಸ ಹೊದಿಕೆ ಬಿದ್ದಿತ್ತು.

"ನಾನು ಸಹಿ ಹಾಕಲ್ಲ ಮೇಡಂ. ನನ್ನ ಮನೆಗೆ ಕಳಿಸಿ," ಎಂದ.

ಅಷ್ಟು ಹೇಳಿ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಬೇಡಿಕೊಂಡಳು, ಗದರಿದಳು, ಸಂಜೆಗೆ ಗೆಳೆಯರನ್ನು ಕರೆಸಿದಳು. ಅವನ ಅಕ್ಕ ಮಾತ್ರ ತಮ್ಮನ ಪರ ನಿಂತಳು. ತಾಯಿ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ.

"ಅವನಿಗೆ ಬೇಡ ಅಂದ್ರೆ ಬೇಡ. ನಿನ್ನ ಹಟಕ್ಕೆ ಅವನ ಎದೆ ಕುಯ್ಸಬೇಡ. ಹೆಚ್ಚು ಕಮ್ಮಿ ಆದ್ರೆ ನಾನು ನಿನ್ನ ಮುಖ ನೋಡಲ್ಲ, ತಿಳ್ಕೋ."

"ಕೈ ಕಟ್ಕೊಂಡು ಕೂತ್ಕೊಳ್ಳಾ ಅಕ್ಕಾ?"

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಬಸ್ಸು ತುಂಬಿ ತುಳುಕುತ್ತಿತ್ತು. ಒಂದು ನಿಲ್ದಾಣ ದಾಟಿತು, ನಿಲ್ಲಲಿಲ್ಲ. ಗಂಟೆ ಬಾರಿಸಿದರು. ಎರಡನೆಯದೂ ದಾಟಿತು. ಹಿಂದಿನಿಂದ ಯಾರೋ "ಏನಮ್ಮಾ, ಕಿವಿ ಕೇಳಲ್ವಾ?" ಎಂದು ಕೂಗಿದರು. ಅವಳಿಗೆ ನಿಜಕ್ಕೂ ಕೇಳಿಸಿರಲಿಲ್ಲ. ಎಲ್ಲರೂ ಬಯ್ಯುತ್ತಿರುವುದು ಗೊತ್ತಾದಾಗ ಬಸ್ಸು ತಿರುವಿನಲ್ಲಿತ್ತು. ಎದುರಿಗೆ ಮಕ್ಕಳ ತಳ್ಳುಗಾಡಿಯಲ್ಲಿ ಕೂಸನ್ನು ತಳ್ಳಿಕೊಂಡು ಒಬ್ಬ ಹೆಂಗಸು ರಸ್ತೆ ದಾಟುತ್ತಿದ್ದಳು. ಬ್ರೇಕು ತುಳಿದ ರಭಸಕ್ಕೆ ಬಸ್ಸಿನೊಳಗೆ ಒಬ್ಬರ ಮೇಲೊಬ್ಬರು ಬಿದ್ದರು. ಹೆಂಗಸಿಗೂ ಬಸ್ಸಿನ ಮೂತಿಗೂ ನಡುವೆ ಒಂದು ಮೊಳವೂ ಇರಲಿಲ್ಲ. ಕೂಸು ನಿದ್ದೆಯಿಂದ ಏಳಲೂ ಇಲ್ಲ.

ಡಿಪೋ ಮ್ಯಾನೇಜರ್ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಹದಿನೇಳು ವರ್ಷದಲ್ಲಿ ಒಂದು ಗೀರೂ ಬೀಳಿಸಿದವಳಲ್ಲ ನೀನು. ಹೋಗಮ್ಮ, ಅವರು ಗುಣ ಆಗೋವರೆಗೂ ಬಸ್ಸಿನ ತಂಟೆಗೆ ಬರಬೇಡ," ಎಂದು ಬೀಗದಕೈ ತೆಗೆದುಕೊಂಡರು.

ಅವಳು ನಡೆದುಕೊಂಡೇ ಆಸ್ಪತ್ರೆಗೆ ಹೋದಳು. ವಾರ್ಡಿನಲ್ಲಿ ಊಟದ ತಟ್ಟೆಗಳ ಸದ್ದು. ಗಂಡ ಗೋಡೆಯ ಕಡೆಗೇ ತಿರುಗಿದ್ದ. ತಟ್ಟೆ ಮುಟ್ಟಿರಲಿಲ್ಲ.

"ಏಳಿ ರೀ, ಎರಡು ತುತ್ತು ತಿನ್ನಿ."

"ಮನೆಗೆ ಕರ್ಕೊಂಡು ಹೋಗು. ತಿಂತೀನಿ."

ಅಷ್ಟೇ. ನಲವತ್ತೆರಡು ದಿನ ಹಲ್ಲು ಕಚ್ಚಿ ಹಿಡಿದಿದ್ದದ್ದು ಕಿತ್ತುಕೊಂಡು ಬಂತು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ 'ರೀ' ಬಿಟ್ಟು ಕರೆದವಳಲ್ಲ. ಈಗ ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು:

"ನೋಡು ಇಲ್ಲಿ! ಈ ಕಡೆ ತಿರುಗು! ಇವತ್ತು ನಿನ್ನ ಯೋಚನೇಲಿ ಒಂದು ಕೂಸಿನ ಮೇಲೆ ಬಸ್ಸು ಹತ್ತಿಸ್ತಿದ್ದೆ ನಾನು! ಗೋಡೆ ನೋಡ್ಕೊಂಡು ಸಾಯೋದು ಸುಲಭ ನಿಂಗೆ. ಮನೇಲಿ ನಿನ್ನ ಎದೆ ಉಬ್ಬಸ ಕೇಳ್ತಾ ಮೂರು ವಾರ ಎಣಿಸ್ಬೇಕಾದವಳು ಯಾರು? ನಿಜ ಹೇಳ್ಲಾ? ಮೊನ್ನೆ ಆ ಮುದುಕರ ಹಾಸಿಗೆ ಮಡಿಸ್ವಾಗ, ಅವರ ಹೆಂಡತೀದಾದ್ರೂ ಮುಗೀತಲ್ಲ ಅಂತ ಹೊಟ್ಟೆಕಿಚ್ಚು ಬಂತು ನಂಗೆ. ಅಂಥ ಪಾಪಿ ಆಗಿದೀನಿ ನಾನು. ಹೋಗೋದಾದ್ರೆ ಹೋಗು, ಆದ್ರೆ ಒಂದು ಕೈ ನೋಡಿ ಹೋಗು!"

ತಟ್ಟೆಗಳ ಸದ್ದು ನಿಂತಿತು. ದೊಡ್ಡ ನರ್ಸು ಓಡಿ ಬಂದವಳು ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರದಲ್ಲೇ ನಿಂತಳು. ಕೂಗಿದವಳು ಮಂಚದ ಕಬ್ಬಿಣದ ಕಂಬಿ ಹಿಡಿದುಕೊಂಡು ನಿಂತಳು. ಆಡಿದ ಮಾತು, ಒಡೆದ ಮುತ್ತು. ಇನ್ನು ಬಾಚಿಕೊಳ್ಳುವ ಹಾಗಿಲ್ಲ.

ಗೋಡೆಯ ಕಡೆಯಿಂದ ಅವನ ದನಿ ಕೇಳಿತು. "ಕೂಸಿಗೆ ಏನೂ ಆಗ್ಲಿಲ್ಲ ತಾನೇ?"

"ಇಲ್ಲ."

"ನಂಗೆ ಹೆದರಿಕೆ ಕಣೇ. ಬೇಡ ಅಂದಿದ್ದು ಧೈರ್ಯಕ್ಕಲ್ಲ. ಕಣ್ಣು ಮುಚ್ಚಿಸ್ತಾರಲ್ಲ, ಆಮೇಲೆ ಏನೂ ನನ್ನ ಕೈಲಿರಲ್ಲ ಅಂತ."

"ನನ್ನ ಕೈಲಿ ಮಾತ್ರ ಏನಿದೆ ರೀ?"

ಅವನು ಆಪರೇಷನ್‌ನ ಒಪ್ಪಿಗೆ ಕಾಗದ ಕೇಳಿದ. ಸಹಿ ಹಾಕುವಾಗ ಗೆರೆ ಮೇಲಕ್ಕೂ ಕೆಳಕ್ಕೂ ಹೋಯಿತು.

ಆಪರೇಷನ್ ದಿನ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಅಕ್ಕ. ನಡುವೆ ನಾಲ್ಕು ಜನ ಕೂರುವಷ್ಟು ಜಾಗ. ಮಧ್ಯಾಹ್ನವಾಯಿತು. ಮೂರಾಯಿತು. ನಾಲ್ಕೂವರೆಗೆ ಡಾಕ್ಟರಮ್ಮ ಬಂದರು, ಹಣೆಯ ಮೇಲೆ ಟೋಪಿಯ ಗೆರೆ ಒತ್ತಿತ್ತು.

"ಕವಾಟ ಕೂರಿಸಿದ್ದೀವಿ. ಆದ್ರೆ ಹೃದಯ ತುಂಬಾ ಊದಿದೆ, ರಕ್ತ ಸೋರೋದು ನಿಂತಿಲ್ಲ. ಈಗ ಎದೆ ಮುಚ್ಚಿದ್ರೆ ಅದು ಬಡಿಯೋಕೆ ಜಾಗ ಇರಲ್ಲ. ಮೂಳೆ ತೆರೆದೇ ಬಿಟ್ಟು ಮೇಲೆ ಹೊದಿಕೆ ಹಾಕಿದ್ದೀವಿ. ಎರಡು ದಿನ ನೋಡ್ಬೇಕು."

"ತೆರೆದೇ?" ಎಂದಳು ಅಕ್ಕ. ನೆಲದ ಮೇಲೆ ಕೂತುಬಿಟ್ಟಳು.

ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಬಾಯಲ್ಲಿ ಕೊಳವೆ, ಕುತ್ತಿಗೆಯಲ್ಲಿ ಕೊಳವೆ, ಮುಖ ಬಾತು ಯಾರದೋ ಮುಖದಂತಿತ್ತು. ಎದೆಯ ಮೇಲಿನ ಹೊದಿಕೆ ಕೆಳಗಿನಿಂದ ಮಿಡಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು. ಎಲ್ಲಿ ಮುಟ್ಟಬೇಕೋ ತಿಳಿಯದೆ ಅವಳು ಕೈ ಚಾಚಿ ಹಿಂದಕ್ಕೆಳೆದುಕೊಂಡಳು. 'ನಾನೇ ಕಳಿಸಿದೆ. ಬಯ್ದು ಕಳಿಸಿದೆ' ಎಂಬುದೊಂದೇ ತಲೆಯೊಳಗೆ ಗಾಣದಂತೆ ತಿರುಗುತ್ತಿತ್ತು. ಎರಡನೆಯ ದಿನ ಬೆಳಿಗ್ಗೆ ರಕ್ತದೊತ್ತಡ ಕುಸಿದು, ಅವಳು ನಿಂತಿದ್ದಂತೆಯೇ ಆರು ಜನ ಒಳಗೆ ನುಗ್ಗಿದರು. ಯಾರೋ ಅವಳನ್ನು ಭುಜ ಹಿಡಿದು ಹೊರಗೆ ತಳ್ಳಿದರು. ಮುಚ್ಚಿದ ಬಾಗಿಲಿಗೆ ಹಣೆ ಒತ್ತಿ ನಿಂತಳು.

ಹಿಂದಿನಿಂದ ಒಂದು ಕೈ ಬಂದು ಬೆನ್ನ ಮೇಲೆ ಕೂತಿತು. ಅಕ್ಕ.

"ಸಣ್ಣವನಿದ್ದಾಗ ಸೂಜಿ ಅಂದ್ರೆ ಮಂಚದ ಕೆಳಗೆ ಸೇರ್ತಿದ್ದ. ನಾನೇ ಕಾಲು ಹಿಡಿದು ಎಳೀತಿದ್ದೆ," ಎಂದಳು. "ನೀನು ಎಳೆದಿದ್ದು ತಪ್ಪಲ್ಲ ಬಿಡು. ನನಗೇ ಈ ಸಲ ಕೈ ಬರಲಿಲ್ಲ."

ಮೂರನೆಯ ದಿನ ಎದೆ ಮುಚ್ಚಿದರು. ಹತ್ತನೆಯ ದಿನ ಕೊಳವೆ ತೆಗೆದರು. ಅವನು ಕಣ್ಣು ಬಿಟ್ಟ, ಆದರೆ ಬಲಗೈ ಏಳಲಿಲ್ಲ. ಕೀವಿನ ಒಂದು ಚೂರು ಮೆದುಳಿಗೆ ಹಾರಿದೆ, ಕೈಯೂ ಮಾತೂ ಎಷ್ಟು ಮರಳುತ್ತವೋ ಹೇಳಲಾಗದು ಎಂದರು ಡಾಕ್ಟರಮ್ಮ. ನೀರು ಬೇಕಾದಾಗ "ಬಾಗಿಲು" ಅನ್ನುತ್ತಿದ್ದ. ತಪ್ಪು ಎಂದು ತನಗೇ ಗೊತ್ತಾಗಿ ಎಡಗೈಯಿಂದ ಹಾಸಿಗೆ ಗುದ್ದುತ್ತಿದ್ದ. ಮಾತು ಕಲಿಸುವ ಹುಡುಗಿ ಹೆಂಡತಿಯನ್ನು ತೋರಿಸಿ, ಇವರು ಯಾರು ಎಂದು ಕೇಳಿದಾಗ, ಬಹಳ ಹೊತ್ತು ತಡಕಾಡಿ "ಕೂಗೋಳು" ಎಂದ. ಹೆಂಡತಿ ನಕ್ಕಳು, ನೀರು ತರುವ ನೆಪದಲ್ಲಿ ಹೊರಗೆದ್ದು ಹೋದಳು.

ತೊಂಬತ್ತಾರನೆಯ ದಿನ ಮನೆಗೆ ಕಳಿಸಿದರು. ಅವರದು ಎರಡನೇ ಮಹಡಿ. ಅಕ್ಕ ಚೀಲ ಹೊತ್ತು ಮುಂದೆ ಹೋಗಿದ್ದಳು. ಅವನು ಎಡಗೈಯಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ. ಅವಳು ಹಿಂದಿನಿಂದ ಬೆನ್ನಿಗೆ ಅಂಗೈ ಕೊಟ್ಟಿದ್ದಳು. ನಡುವಿನ ತಿರುವಿನಲ್ಲಿ ಅವನು ನಿಂತ. ತೂಗುಬಿದ್ದ ಬಲಗೈ ನೋಡಿಕೊಂಡು, ಮೆಟ್ಟಿಲ ಮೇಲೆ ಕೂತು, ಇಷ್ಟು ದಿನದಲ್ಲಿ ಮೊದಲ ಬಾರಿಗೆ ಬಿಕ್ಕಿ ಬಿಕ್ಕಿ ಅತ್ತ.

"ಯಾಕೆ... ಯಾಕೆ ಸಹಿ..." ಎಂದ. ಮುಂದಿನ ಮಾತು ಸಿಗಲಿಲ್ಲ.

ಅವಳು ಪಕ್ಕದಲ್ಲಿ ಕೂತಳು. ಮೇಲಿನ ಮನೆಯವರು ಚೀಲ ಹಿಡಿದು ಇಳಿದು ಬಂದರು, ಗೋಡೆಗೆ ಸರಿದು ದಾರಿ ಮಾಡಿಕೊಂಡು ಹೋದರು. ಮೇಲಿನಿಂದ ಅಕ್ಕ "ಎಲ್ಲಿದ್ದೀರ?" ಎಂದು ಕೂಗಿದಳು.

"ಬಂದ್ವಿ ಅಕ್ಕಾ," ಎಂದಳು ಅವಳು, ಇನ್ನೂ ಕೂತೇ.